ವಿಷಯ: ಎಂಆರ್‌ಐ ಬದಲು ಬೋನ್ ಸ್ಕ್ಯಾನ್ ಮಾಡಿ, ಕಾಯಿಲೆಯಿಲ್ಲವೆಂದು ವರದಿ ಕೊಟ್ಟಿರುವ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ರೋಗನಿರ್ಣಯ ಕೇಂದ್ರ

ಮಾನ್ಯರೇ,

ನನ್ನ 26 ವರ್ಷದ ಮಗ ಎರಡು ವರ್ಷಗಳಿಂದ ಸೊಂಟದ ಕೆಳಭಾಗದ ನೋವಿನಿಂದ ಬಳಲುತ್ತಿದ್ದಾನೆ. ಬೆಳಗಿನ ಜಾವ ಬಿಗಿತದಿಂದಲೇ ಎಚ್ಚರವಾಗುತ್ತದೆ. ಓಡಾಡಿದರೆ ಸಡಿಲವಾಗುವ ನೋವು ಮಲಗಿದರೆ ಮರಳುತ್ತದೆ. ಈ ಲಕ್ಷಣಗಳನ್ನೂ ಎಚ್‌ಎಲ್‌ಎ-ಬಿ27 ಎಂಬ ವಂಶವಾಹಿಯ ರಕ್ತಪರೀಕ್ಷೆ ಪಾಸಿಟಿವ್ ಬಂದಿರುವುದನ್ನೂ ನೋಡಿದ ಸಂಧಿವಾತ ತಜ್ಞರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ (ಬೆನ್ನುಮೂಳೆಯ ಉರಿಯೂತದ ಕಾಯಿಲೆ) ಇರಬಹುದೆಂದು ಶಂಕಿಸಿ, ಬೆನ್ನುಮೂಳೆಯ ಬುಡದ ಸ್ಯಾಕ್ರಂ ಮೂಳೆ ಸೊಂಟದ ಮೂಳೆಗೆ ಸೇರುವ ಸ್ಯಾಕ್ರೋಇಲಿಯಾಕ್ ಕೀಲುಗಳ ಎಂಆರ್‌ಐ ಅನ್ನು, ಮೂಳೆಮಜ್ಜೆಯ ಊತ ಎದ್ದು ಕಾಣುವ ಸ್ಟಿರ್ ಸೀಕ್ವೆನ್ಸ್ ಸಹಿತ ಮಾಡಿಸುವಂತೆ ಚೀಟಿ ಬರೆದಿದ್ದರು.

ನಿಮ್ಮ ಕೌಂಟರಿನಲ್ಲಿದ್ದವರು ಎಂಆರ್‌ಐಗೆ ಹತ್ತು ದಿನ ಕಾಯಬೇಕೆಂದೂ, ವಿಕಿರಣಶೀಲ ಔಷಧ ಕೊಟ್ಟು ಮೂಳೆಗಳ ಚಿತ್ರ ತೆಗೆಯುವ ಬೋನ್ ಸ್ಕ್ಯಾನ್‌ನಲ್ಲಿ ‘ಇಡೀ ಮೈಯೇ ಬರುತ್ತದೆ, ಎರಡೂ ಒಂದೇ’ ಎಂದೂ ಹೇಳಿ, ತಜ್ಞರನ್ನು ಕೇಳದೆಯೇ ಪರೀಕ್ಷೆಯನ್ನು ಬದಲಿಸಿದರು. ಮರುದಿನ ಕೈಗೆ ಬಂದ ವರದಿಯಲ್ಲಿ ‘ಸ್ಯಾಕ್ರೋಇಲಿಯೈಟಿಸ್ ಇಲ್ಲ’ (ಅಂದರೆ ಆ ಕೀಲುಗಳಲ್ಲಿ ಉರಿಯೂತವಿಲ್ಲ) ಎಂಬ ಒಂದೇ ಸಾಲಿತ್ತು.

ನಾನು ವೈದ್ಯನಲ್ಲ, ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಆದರೂ ಆ ಸಾಲಿಗೆ ಆಧಾರವೇನೆಂದು ಕೇಳದಿರಲಾರೆ. ಬೋನ್ ಸ್ಕ್ಯಾನ್‌ಗೆ ಕೊಡುವ, ವಿಕಿರಣಶೀಲ ಟೆಕ್ನೀಷಿಯಂ-99ಎಂ ಬೆರೆಸಿದ ಔಷಧ ಮೂಳೆಯ ಚಟುವಟಿಕೆ ಹೆಚ್ಚಿರುವಲ್ಲಿ ಸೇರಿಕೊಳ್ಳುತ್ತದೆ ನಿಜ, ಆದರೆ ಸ್ಯಾಕ್ರೋಇಲಿಯಾಕ್ ಕೀಲುಗಳು ಆರೋಗ್ಯವಂತರಲ್ಲಿಯೂ ಅಕ್ಕಪಕ್ಕದ ಮೂಳೆಗಿಂತ ಗಾಢವಾಗಿಯೇ ಕಾಣುತ್ತವೆ, ಮೇಲಾಗಿ ಎರಡೂ ಕಡೆ ಸಮನಾಗಿ ಉರಿಯೂತವಿದ್ದರೆ ಕಣ್ಣಳತೆಯಲ್ಲಿ ಹೋಲಿಸಿ ನೋಡಲು ಏನೂ ಉಳಿಯುವುದಿಲ್ಲ. ಕೀಲಿನ ಮತ್ತು ಸ್ಯಾಕ್ರಂ ಮೂಳೆಯ ವಿಕಿರಣ ಎಣಿಕೆಗಳ ಅನುಪಾತವನ್ನು ಲೆಕ್ಕಹಾಕುವ ಕ್ರಮವೊಂದಿದೆ; ಅದೂ ಪೂರ್ತಿ ನಂಬುವಂಥದ್ದಲ್ಲ, ನಿಮ್ಮ ವರದಿಯಲ್ಲಂತೂ ಅದರ ಸುಳಿವೇ ಇಲ್ಲ. 2009ರ ಅಸಾಸ್ (ಈ ಕಾಯಿಲೆಯ ತಜ್ಞರ ಅಂತರರಾಷ್ಟ್ರೀಯ ಸಂಘ) ಮಾನದಂಡಗಳು ಈ ಕೀಲುಗಳ ಚಿತ್ರಣಕ್ಕೆ ಎಕ್ಸ್‌ರೇ ಮತ್ತು ಎಂಆರ್‌ಐಗಳನ್ನಷ್ಟೇ ಪರಿಗಣಿಸುತ್ತವೆ. 2015ರ ಯೂಲಾರ್ (ಯುರೋಪಿನ ಸಂಧಿವಾತ ಸಂಘಗಳ ಒಕ್ಕೂಟ) ಶಿಫಾರಸುಗಳಂತೂ ಈ ರೋಗನಿರ್ಣಯಕ್ಕೆ ಬೋನ್ ಸ್ಕ್ಯಾನ್ ಬೇಡವೆಂದೇ ಹೇಳಿವೆ.

ಆ ವರದಿಯನ್ನು ನಂಬಿ, ತಜ್ಞರ ಬಳಿಗೂ ಹೋಗದೆ, ನಾವು ನಾಲ್ಕು ತಿಂಗಳು ಬರೀ ನೋವಿನ ಮಾತ್ರೆಯಲ್ಲಿ ಕಳೆದೆವು (ಆ ತಪ್ಪಿನಲ್ಲಿ ನನ್ನ ಪಾಲೂ ಇದೆ). ಕೊನೆಗೆ ಬೇರೆಡೆ ಮಾಡಿಸಿದ ಎಂಆರ್‌ಐನಲ್ಲಿ ಎರಡೂ ಕೀಲುಗಳ ಮೂಳೆಮಜ್ಜೆಯಲ್ಲಿ ಊತ ಸ್ಪಷ್ಟವಾಗಿ ಕಂಡಿತು. ಅಗತ್ಯವಿಲ್ಲದ ವಿಕಿರಣವನ್ನು ಮಗನ ಮೈ ತಾಳಿಕೊಂಡದ್ದು ಬೇರೆ.

ಆದ್ದರಿಂದ ಸ್ಕ್ಯಾನ್ ಶುಲ್ಕವನ್ನು ಮರಳಿಸಬೇಕು, ಮೂಲ ಚಿತ್ರಗಳನ್ನು ಡೈಕಾಮ್ (ಸ್ಕ್ಯಾನ್ ಚಿತ್ರಗಳ ಡಿಜಿಟಲ್ ಕಡತ) ರೂಪದಲ್ಲಿ ಕೊಡಬೇಕು, ಈ ಪರೀಕ್ಷೆಯಿಂದ ಸ್ಯಾಕ್ರೋಇಲಿಯೈಟಿಸ್ ಇಲ್ಲವೆಂದು ಹೇಳಲಾಗದು ಎಂಬ ತಿದ್ದುಪಡಿಯನ್ನು ವರದಿಗೆ ಸೇರಿಸಬೇಕು. ವೈದ್ಯರ ಚೀಟಿಯನ್ನು ಬದಲಿಸುವ ಅಧಿಕಾರವನ್ನು ಕೌಂಟರಿಗೆ ಯಾರು ಕೊಟ್ಟರೆಂಬುದನ್ನೂ ಲಿಖಿತವಾಗಿ ತಿಳಿಸಿ. 15 ದಿನಗಳೊಳಗೆ ಉತ್ತರ ಬಾರದಿದ್ದರೆ ಈ ಪತ್ರವನ್ನೂ ಎರಡೂ ವರದಿಗಳನ್ನೂ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಸಲ್ಲಿಸುತ್ತೇನೆ.

ಇಂತಿ,
ರೋಗಿಯ ತಂದೆ