ಸೊಪ್ಪು ಯಾವುದು, ಹೂವು ಯಾವುದು: ನಮ್ಮ ಸಂಸದರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಂಸದರಿಗೆ ನಮಸ್ಕಾರ.

ನಾನು ನಿಮ್ಮದೇ ಕ್ಷೇತ್ರದವನು ಸಾರ್. ಜಿಲ್ಲಾ ಕೋರ್ಟ್ ಎದುರಿನ ಸಾಲಿನಲ್ಲಿ 16 ವರ್ಷದಿಂದ ಝೆರಾಕ್ಸ್, ಡಿಟಿಪಿ ಅಂಗಡಿ ಇಟ್ಟುಕೊಂಡಿದ್ದೇನೆ. ವಕೀಲನಲ್ಲ. ಆದರೆ ವಕೀಲರು ಗೀಚಿಕೊಟ್ಟ ಜಾಮೀನು ಅರ್ಜಿಗಳನ್ನು ಟೈಪ್ ಮಾಡಿ ಮಾಡಿ, ಕೆಲವು ಕಲಂಗಳು ಹೆಂಡತಿಯ ಫೋನ್ ನಂಬರಿಗಿಂತ ಚೆನ್ನಾಗಿ ಬಾಯಿಗೆ ಬರುತ್ತವೆ. ಅದರಲ್ಲೂ ಎನ್‌ಡಿಪಿಎಸ್ ಕಾಯ್ದೆ, ಅಂದರೆ ಮಾದಕವಸ್ತು ತಡೆಯುವ ಕೇಂದ್ರದ ಕಾನೂನು. ಐದಾರು ವರ್ಷದಿಂದ ನನ್ನ ಅಂಗಡಿಗೆ ಅದರ ಕೇಸುಗಳೇ ಜಾಸ್ತಿ, ಅದರಲ್ಲಿ ಮುಕ್ಕಾಲು ಪಾಲು ಗಾಂಜಾ.

ಪ್ರತಿ ವರ್ಷ ಜೂನ್ 26ಕ್ಕೆ, ಮಾದಕವಸ್ತು ವಿರೋಧಿ ದಿನ ಅಂತ, ಶಾಲೆ ಮಕ್ಕಳ ಕೈಗೆ ಫಲಕ ಕೊಟ್ಟು ಜಾಥಾ ಮಾಡಿಸುತ್ತಾರೆ. ಅದಕ್ಕೆ ನನ್ನ ತಕರಾರಿಲ್ಲ, ಫಲಕದ ಪ್ರಿಂಟ್ ಆರ್ಡರ್ ಎಷ್ಟೋ ಸಲ ನಂಗೇ ಸಿಕ್ಕಿದೆ. ಜಾಥಾ ಮುಗಿದ ಮೇಲೆ ವರ್ಷವಿಡೀ ನನ್ನ ಅಂಗಡಿ ಮುಂದೆ ನಿಲ್ಲುವವರು ಯಾರು ಅಂತ ನಿಮಗೆ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಶಾಸಕರನ್ನು ಕೇಳಿದ್ದೆ. ಅದು ಕೇಂದ್ರದ ಕಾನೂನು, ನಮ್ಮ ಕೈಲಿಲ್ಲ ಅಂದರು. ಅರ್ಧ ನಿಜ. ಅದಕ್ಕೇ ನಿಮಗೆ.

ಒಬ್ಬ ರೈತನ ಕಥೆ ಹೇಳುತ್ತೇನೆ. ಹೆಸರು, ಊರು ಬೇಡ. ಎರಡೂವರೆ ಎಕರೆ ಮುಸುಕಿನ ಜೋಳ, ಮಧ್ಯದ ಸಾಲಲ್ಲಿ 11 ಗಾಂಜಾ ಗಿಡ. ಬೀಜ ತಂದುಕೊಟ್ಟವನು ಬೇರೆಯವನು, ಕೊಯ್ಲಿಗೆ ಬಂದು ಒಯ್ಯಬೇಕಿದ್ದವನೂ ಅವನೇ. ರೈತ ಪಾಪದವನು ಅಂತ ನಾನು ಹೇಳುತ್ತಿಲ್ಲ, ಅದೇನು ಗಿಡ ಅಂತ ಅವನಿಗೆ ಗೊತ್ತಿತ್ತು. ಯಾರೋ ಸುದ್ದಿ ಕೊಟ್ಟರು, ಜೀಪು ಬಂತು. ಗಿಡಗಳನ್ನು ಬುಡಸಮೇತ ಕಿತ್ತು, ಬೇರಿಗೆ ಅಂಟಿದ ಮಣ್ಣೂ ಕೊಡವದೆ ತಕ್ಕಡಿಗೆ ಹಾಕಿದರು. 23 ಕೆಜಿ. ಮಹಜರಿನಲ್ಲಿ ಬರೆದದ್ದು ‘ಹಸಿ ಗಾಂಜಾ 23 ಕೆಜಿ’.

ಈ 23 ಅನ್ನೋ ಅಂಕಿ ಸುಮ್ನೆ ಅಲ್ಲ ಸಾರ್. ಗಾಂಜಾ 1 ಕೆಜಿಗಿಂತ ಕಡಿಮೆ ಇದ್ದರೆ ‘ಸಣ್ಣ ಪ್ರಮಾಣ’, ಶಿಕ್ಷೆ ಹೆಚ್ಚೆಂದರೆ 1 ವರ್ಷ ಅಥವಾ 10 ಸಾವಿರ ದಂಡ, ಇಲ್ಲಾ ಎರಡೂ. ಅಲ್ಲಿಂದ 20 ಕೆಜಿಯವರೆಗೆ ಆದರೆ 10 ವರ್ಷದವರೆಗೆ. 20 ಕೆಜಿ ದಾಟಿತೋ, ಅದು ‘ವಾಣಿಜ್ಯ ಪ್ರಮಾಣ’. ಕನಿಷ್ಠವೇ 10 ವರ್ಷ, 20 ವರ್ಷದವರೆಗೂ ಹೋಗಬಹುದು. ಅದಕ್ಕಿಂತ ದೊಡ್ಡ ಗಂಟು 37ನೇ ಕಲಂ. ಇವನು ತಪ್ಪಿತಸ್ಥನಲ್ಲ ಅಂತ ನಂಬಲು ಕಾರಣ ಇದೆ, ಹೊರಗೆ ಬಿಟ್ಟರೆ ಮತ್ತೆ ಇಂಥದ್ದು ಮಾಡುವುದಿಲ್ಲ ಅಂತ ಕೋರ್ಟಿಗೆ ಮನವರಿಕೆಯಾದರೆ ಮಾತ್ರ ಜಾಮೀನು. ವಿಚಾರಣೆ ಶುರುವಾಗುವ ಮೊದಲೇ ತಾನು ನಿರಪರಾಧಿ ಅಂತ ತೋರಿಸಿಕೊಳ್ಳಬೇಕು. ಕೊಲೆ ಕೇಸಿನವನಿಗೆ ಸಿಗುವ ಜಾಮೀನು ಇವನಿಗೆ ಸಿಗುವುದು ಕಷ್ಟ.

ಈಗ ಅದೇ ಕಾಯ್ದೆಯ 2ನೇ ಕಲಂ ತೆಗೆದು ನೋಡಿ. ಗಾಂಜಾ ಅಂದರೆ ಗಿಡದ ಹೂವು ಅಥವಾ ಕಾಯಿ ಬಿಟ್ಟ ತುದಿ. ತುದಿ ಜೊತೆಗಿಲ್ಲದಿದ್ದರೆ ಎಲೆ ಗಾಂಜಾ ಅಲ್ಲ, ಬೀಜವೂ ಅಲ್ಲ. ಕಾಂಡ, ಬೇರು, ಮಣ್ಣಂತೂ ಮೊದಲೇ ಅಲ್ಲ. ಆ 11 ಗಿಡದ ತುದಿ ಮಾತ್ರ ಕತ್ತರಿಸಿ ತೂಗಿದ್ದರೆ ಎಷ್ಟಾಗುತ್ತಿತ್ತು? ಯಾರಿಗೂ ಗೊತ್ತಿಲ್ಲ, ಯಾಕಂದ್ರೆ ಯಾರೂ ತೂಗಲಿಲ್ಲ. ಏಳು ತಿಂಗಳು ಒಳಗಿದ್ದ. ಅವನ ಹೆಂಡತಿ ಪಹಣಿ, ಆಧಾರ್, ರೇಷನ್ ಕಾರ್ಡು ಹಿಡಿದುಕೊಂಡು ನನ್ನ ಅಂಗಡಿಗೆ ಎಷ್ಟು ಸಲ ಬಂದರೋ ಲೆಕ್ಕವಿಲ್ಲ. ಶ್ಯೂರಿಟಿ ನಿಲ್ಲಲು ಊರಲ್ಲಿ ಒಬ್ಬರೂ ಮುಂದೆ ಬರಲಿಲ್ಲ, ಗಾಂಜಾ ಕೇಸು ಅಂದರೆ ಯಾರು ಬರುತ್ತಾರೆ ಹೇಳಿ. ಜೋಳ ಹೊಲದಲ್ಲೇ ಒಣಗಿತು, ಹಸು ಮಾರಿದರು. ಕೊನೆಗೆ ಮೇಲಿನ ಕೋರ್ಟಿನಲ್ಲಿ ಜಾಮೀನಾಯಿತು. ಎಲೆ, ಕಾಂಡ, ಬೇರು ಬೇರ್ಪಡಿಸದೆ ತೂಗಿದ್ದಾರೆ ಅನ್ನುವುದೇ ಕಾರಣ. ಆ ಆದೇಶದ ಪ್ರಿಂಟ್ ತೆಗೆದುಕೊಟ್ಟವನು ನಾನೇ. ದುಡ್ಡು ತೆಗೆದುಕೊಳ್ಳಲು ಮನಸ್ಸು ಬರಲಿಲ್ಲ. ಬೀಜ ತಂದುಕೊಟ್ಟವನ ಹೆಸರು ಚಾರ್ಜ್‌ಶೀಟಿನಲ್ಲಿ ಎಲ್ಲೂ ಇಲ್ಲ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ, ಅಲ್ವಾ?

ಎಲೆ ಗಾಂಜಾ ಅಲ್ಲ ಅಂದೆನಲ್ಲ, ಅದು ನನ್ನ ಪಾಂಡಿತ್ಯ ಅಲ್ಲ. 1961ರ ವಿಶ್ವಸಂಸ್ಥೆಯ ಮಾದಕವಸ್ತು ಒಪ್ಪಂದದಲ್ಲೂ ಎಲೆ ಹೊರಗಿದೆ. ಅದಕ್ಕೇ ವಾರಾಣಸಿಯಲ್ಲಿ, ಜೈಸಲ್ಮೇರಿನಲ್ಲಿ ಸರ್ಕಾರದ ಲೈಸೆನ್ಸ್ ಇರುವ ಭಂಗಿ (ಎಲೆ ಅರೆದು ಮಾಡಿದ್ದು) ಅಂಗಡಿಗಳಿವೆ, ಬೋರ್ಡು ಹಾಕಿಕೊಂಡೇ ಮಾರುತ್ತಾರೆ. ನಮ್ಮ ಹೈಕೋರ್ಟೇ 2022ರಲ್ಲಿ, ಬೆಂಗಳೂರಿನಲ್ಲಿ 29 ಕೆಜಿ ಭಂಗಿ ಇಟ್ಟುಕೊಂಡಿದ್ದ ಅಂತ ಹಿಡಿದ ಒಬ್ಬನಿಗೆ ಜಾಮೀನು ಕೊಟ್ಟಿತು. ಭಂಗಿಯನ್ನು ಚರಸ್ಸಿನಿಂದಲೋ (ಗಿಡದ ಅಂಟು) ಗಾಂಜಾದಿಂದಲೋ ಮಾಡಿದ್ದು ಅಂತ ತೋರಿಸುವಂಥದ್ದೇನೂ ಇಲ್ಲ ಎಂದಿತು. ಒಂದೇ ಗಿಡ ಸಾರ್. ಕೆಳಗಿನ ಎಲೆ ಅರೆದು ಶಿವರಾತ್ರಿಗೆ ಕುಡಿದರೆ ಭಕ್ತಿ, ಮೇಲಿನ ಹೂವನ್ನು ಚಿಲುಮೆಗೆ ಹಾಕಿದರೆ ಜೈಲು. ನಮ್ಮ ಉತ್ತರ ಕರ್ನಾಟಕದ ಕಡೆ ಸಾಧುಗಳ ಗದ್ದುಗೆ ಹತ್ತಿರ ಚಿಲುಮೆಯೂ ಭಕ್ತಿಯೇ. ಜಾತ್ರೆ ದಿನ ಪೊಲೀಸರೂ ಆ ಕಡೆ ನೋಡಲ್ಲ, ನೋಡಬಾರದು ಅಂತಲೂ ನಾನು ಹೇಳಲ್ಲ.

2019ರಲ್ಲಿ ಕೇಂದ್ರ ಸರ್ಕಾರಕ್ಕೋಸ್ಕರ ದೆಹಲಿಯ ಏಮ್ಸ್ ಮಾಡಿಕೊಟ್ಟ ಸಮೀಕ್ಷೆ ನೋಡಿ. ಹಿಂದಿನ ಒಂದು ವರ್ಷದಲ್ಲಿ ಭಂಗಿ ಬಳಸಿದವರು ಸುಮಾರು 2.2 ಕೋಟಿ. ಗಾಂಜಾ, ಚರಸ್ ಬಳಸಿದವರು ಸುಮಾರು 1.3 ಕೋಟಿ. ಈ ಒಂದೂಕಾಲು ಕೋಟಿ ದಾಟಿದ ಜನರನ್ನು ಹಾಕಲು ಯಾವ ಜೈಲಿದೆ? ಇಲ್ಲ. ಹಾಗಾಗಿ ಕೈಗೆ ಸಿಕ್ಕವನು ಒಳಗೆ. ಸಿಗುವವನು ಯಾರು ಅಂದರೆ ಬಸ್ ಸ್ಟ್ಯಾಂಡ್ ಹಿಂದೆ ಕೂತವನು, ಲೇಔಟ್ ಖಾಲಿ ಸೈಟಿನಲ್ಲಿ ನಿಂತವನು. ಗೇಟು, ಸೆಕ್ಯುರಿಟಿ ಇರುವ ಫ್ಲಾಟಿನ ಬಾಲ್ಕನಿಯಲ್ಲಿ ಕೂತವನು ನನ್ನ ಅಂಗಡಿಗೆ ಈವರೆಗೆ ಬಂದಿಲ್ಲ.

ಒಬ್ಬ ಡಿಗ್ರಿ ಹುಡುಗ ಬಂದಿದ್ದ. ಅವನ ಹತ್ತಿರ ಏನೂ ಸಿಕ್ಕಿರಲಿಲ್ಲ, ಮೂತ್ರ ಪರೀಕ್ಷೆ ಮಾಡಿಸಿ 27ನೇ ಕಲಂ ಹಾಕಿದ್ದರು. ಸೇದಿದ್ದಕ್ಕೇ 6 ತಿಂಗಳವರೆಗೆ ಜೈಲು, ಅಥವಾ 10 ಸಾವಿರದವರೆಗೆ ದಂಡ, ಇಲ್ಲಾ ಎರಡೂ. ದಂಡ ಕಟ್ಟಿ ಹೊರಬಂದ. ಅಮ್ಮ ಖುಷಿಯಾದರು, ಪೀಡೆ ಹೋಯ್ತು ಅಂತ. ಹೋಗಿಲ್ಲ. ತಪ್ಪೊಪ್ಪಿಕೊಂಡು ದಂಡ ಕಟ್ಟಿದ ದಾಖಲೆ ಹಾಗೇ ಇರುತ್ತದೆ. ಪಾಸ್‌ಪೋರ್ಟಿಗೆ ಹೋದಾಗ, ಸರ್ಕಾರಿ ಕೆಲಸದ ವೆರಿಫಿಕೇಶನ್ನಿಗೆ ಹೋದಾಗ ಎದ್ದು ಬರುತ್ತದೆ. ಆ ಅಮ್ಮನಿಗೆ ಅದನ್ನು ಹೇಳಲು ನನಗೆ ಬಾಯಿ ಬರಲಿಲ್ಲ.

ಇದೇ ಕಾಯ್ದೆಯಲ್ಲಿ 64ಎ ಅಂತ ಒಂದು ಕಲಂ ಇದೆ. ಚಟಕ್ಕೆ ಬಿದ್ದವನು ತಾನಾಗಿ ಚಿಕಿತ್ಸೆಗೆ ಬಂದರೆ, ಸೇದಿದ್ದಕ್ಕೋ ಸಣ್ಣ ಪ್ರಮಾಣ ಇಟ್ಟುಕೊಂಡಿದ್ದಕ್ಕೋ ಅವನ ಮೇಲೆ ಕೇಸು ನಡೆಸುವಂತಿಲ್ಲ. ಚಿಕಿತ್ಸೆ ಪೂರ್ತಿ ಮಾಡಿಸಿಕೊಳ್ಳಬೇಕು, ಅಷ್ಟೇ. ಒಳ್ಳೆಯ ಕಲಂ. 16 ವರ್ಷದಲ್ಲಿ ಆ ಕಲಂ ಹೆಸರಲ್ಲಿ ಒಂದೇ ಒಂದು ಅರ್ಜಿ ನಾನು ಟೈಪ್ ಮಾಡಿಲ್ಲ. ಸ್ಟೇಷನ್ನಿನಲ್ಲಿ ಯಾರೂ ಹೇಳುವುದಿಲ್ಲ, ಎಷ್ಟೋ ವಕೀಲರಿಗೂ ನೆನಪಿರುವುದಿಲ್ಲ.

ಇಷ್ಟು ಓದಿ, ಇವನೇ ಸೇದುವವನು ಇರಬೇಕು ಅಂದುಕೊಂಡಿರಾ? ನಾನು ಬೀಡಿಯೂ ಮುಟ್ಟಿಲ್ಲ. ನನ್ನ ಅಕ್ಕನ ಮಗ ಪಿಯುಸಿಯಲ್ಲೇ ಶುರು ಮಾಡಿದ. ಮೊದಲು ನಗು, ಆಮೇಲೆ ಓದಿಗೆ ಚಕ್ಕರ್, ಆಮೇಲೆ ಒಂದು ರಾತ್ರಿ ಗೋಡೆಯೊಳಗಿಂದ ಯಾರೋ ನನ್ನ ಬೈಯುತ್ತಿದ್ದಾರೆ ಅಂತ ಕೂಗಾಡಿದ. ನಿಮ್ಹಾನ್ಸ್‌ಗೆ ಕರೆದುಕೊಂಡು ಹೋದೆವು. ಚಿಕ್ಕ ವಯಸ್ಸಿನಲ್ಲಿ ಶುರು ಮಾಡಿ ದಿನಾ ಸೇದಿದರೆ ಕೆಲವರಿಗೆ ಹೀಗೆ ತಲೆ ಕೆಡುವ ಅಪಾಯ ಹೆಚ್ಚು, ಯಾರಿಗೆ ಅಂತ ಮೊದಲೇ ಹೇಳಲಾಗದು ಅಂದರು ಡಾಕ್ಟರು. ಈಗ ಮಾತ್ರೆ ತೆಗೆದುಕೊಂಡು ಅಂಗಡಿ ಲೆಕ್ಕ ಬರೆಯುವಷ್ಟಾಗಿದ್ದಾನೆ. ಗಾಂಜಾ ಗಿಡಮೂಲಿಕೆ, ಏನೂ ಆಗಲ್ಲ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆದರೆ ಒಂದು ಮಾತು. ಅವನನ್ನು ನಾವು ಆಸ್ಪತ್ರೆಗೆ ಕರೆದುಕೊಂಡು ಹೋಗಲು ಎರಡು ವರ್ಷ ತಡ ಮಾಡಿದೆವು. ಯಾಕೆ? ಪೊಲೀಸ್ ಕೇಸಾಗುತ್ತೆ ಅನ್ನುವ ಭಯಕ್ಕೆ.

ಹಾಗಾಗಿ ಬಾರ್ ಪಕ್ಕದಲ್ಲಿ ಗಾಂಜಾ ಅಂಗಡಿ ತೆರೆಯಿರಿ ಅಂತ ನಾನು ಕೇಳುತ್ತಿಲ್ಲ. ಥಾಯ್ಲೆಂಡಿನವರು 2022ರಲ್ಲಿ ಸರಿಯಾದ ನಿಯಮ ಮಾಡದೆ ಬಾಗಿಲು ತೆಗೆದರು, ಬೀದಿಬೀದಿಯಲ್ಲಿ ಅಂಗಡಿ ಎದ್ದವು, 2025ರಲ್ಲಿ ಡಾಕ್ಟರ ಚೀಟಿ ಇಲ್ಲದೆ ಮಾರಬೇಡಿ ಅಂತ ಹಿಂದಕ್ಕೆ ಎಳೆದರು. ಜರ್ಮನಿ 2024ರ ಏಪ್ರಿಲ್‌ನಿಂದ ಬೇರೆ ದಾರಿ ಹಿಡಿದಿದೆ. ವಯಸ್ಕರು ಜೇಬಲ್ಲಿ 25 ಗ್ರಾಂ ಇಟ್ಟುಕೊಳ್ಳಬಹುದು, ಮನೆಯಲ್ಲಿ 3 ಗಿಡ ಬೆಳೆಸಬಹುದು, ಆದರೆ ಬೀದಿಯಲ್ಲಿ ಅಂಗಡಿ ಇಲ್ಲ. ಅದು ನಮಗೆ ಹೊಂದುತ್ತದೋ ಇಲ್ಲವೋ ಚರ್ಚೆಯಾಗಲಿ. ನಮ್ಮ ಅನುಭವ ನಮ್ಮ ಹತ್ತಿರವೇ ಇದೆಯಲ್ಲ. 2007ರ ಜುಲೈ 1ರಿಂದ ರಾಜ್ಯದಲ್ಲಿ ಸಾರಾಯಿ ಬಂದ್. ಕುಡಿಯುವುದು ನಿಂತಿತಾ? ಪ್ಯಾಕೆಟ್ ಹೋಗಿ ಕ್ವಾರ್ಟರ್ ಬಂತು. 2025-26ಕ್ಕೆ ಅಬಕಾರಿಯಿಂದ 40 ಸಾವಿರ ಕೋಟಿ ಬರಬೇಕು ಅಂತ ಬಜೆಟ್ಟಿನಲ್ಲೇ ಗುರಿ ಇಟ್ಟಿದ್ದಾರೆ. ಒಂದು ಅಮಲಿಗೆ ಟಾರ್ಗೆಟ್ಟು, ಇನ್ನೊಂದು ಅಮಲಿಗೆ ಬೇಡಿ. ಏಮ್ಸ್‌ನ ಅದೇ ಸಮೀಕ್ಷೆಯಲ್ಲಿ ಕುಡಿಯುವವರು 16 ಕೋಟಿ. ಗಾಂಜಾವನ್ನೂ ಇದೇ ತರಹ ಆದಾಯದ ಬಾಬತ್ತು ಮಾಡಿಬಿಟ್ಟರೆ ಮುಂದೆ ಅದರ ಟಾರ್ಗೆಟ್ಟೂ ಏರುತ್ತಾ ಹೋಗುತ್ತದೆ ಅನ್ನುವ ಹೆದರಿಕೆ ನನಗಂತೂ ಇದೆ.

ನಾನು ಕೇಳುವುದು ಚಿಕ್ಕದು. ಸೇದಿದವನಿಗೆ, ಸಣ್ಣ ಪ್ರಮಾಣ ಇಟ್ಟುಕೊಂಡವನಿಗೆ ಜೈಲು, ಕ್ರಿಮಿನಲ್ ದಾಖಲೆ ಬೇಡ. ಆಸ್ಪತ್ರೆ ದಾರಿ ತೋರಿಸಿ. ತೂಗುವಾಗ ಕಾನೂನು ಹೇಳಿದ್ದನ್ನಷ್ಟೇ ತೂಗಿ. ಮಾರುವವನನ್ನು, ಬೀಜ ಹಂಚುವವನನ್ನು ಹಿಡಿಯಿರಿ, ಯಾರು ಬೇಡ ಅಂದರು. ಇನ್ನು ರೈತರ ವಿಷಯ. ನಾರಿಗೆ, ಬೀಜಕ್ಕೆ ಅಂತ ಗಿಡ ಬೆಳೆಯಲು ಇದೇ ಕಾಯ್ದೆಯ 14ನೇ ಕಲಂನಲ್ಲಿ ದಾರಿ ಇದೆ. ಉತ್ತರಾಖಂಡ ಅದನ್ನು ಬಳಸಿಕೊಂಡಿದೆ, ಅಮಲಿನ ಅಂಶ 0.3%ಗಿಂತ ಕಡಿಮೆ ಇರುವ ತಳಿಗೆ ಅನುಮತಿ ಕೊಡುತ್ತದೆ. ಹಿಮಾಚಲದ ವಿಧಾನಸಭೆ 2024ರಲ್ಲಿ ನಿಯಂತ್ರಿತ ಬೆಳೆಗೆ ಒಪ್ಪಿಗೆ ಕೊಟ್ಟಿತು. ಆ ಬೀಜ ಆಹಾರ ಅಂತ ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2021ರಲ್ಲೇ ಹೇಳಿದೆ, ಬೆಂಗಳೂರಿನವರು ಆನ್‌ಲೈನ್‌ನಲ್ಲಿ ತರಿಸಿ ತಿನ್ನುತ್ತಿದ್ದಾರೆ. ಶಾಸಕರು ‘ನಮ್ಮ ಕೈಲಿಲ್ಲ’ ಅಂದದ್ದು ಅರ್ಧ ನಿಜ ಅಂದದ್ದು ಇದಕ್ಕೇ.

ನಿಮ್ಮ ಕೈಲಿರುವುದು 27ನೇ ಕಲಂ. 2021ರ ಡಿಸೆಂಬರಿನಲ್ಲಿ ಸಂಸತ್ತು ಈ ಕಾಯ್ದೆಯನ್ನು ಬಿಚ್ಚಿತ್ತು. ಯಾಕೆ ಗೊತ್ತಾ? 2014ರಲ್ಲಿ ತಿದ್ದುಪಡಿ ಮಾಡುವಾಗ ಒಂದು ಉಪಕಲಂನ ಅಕ್ಷರ ಬದಲಾಗಿತ್ತು, 27ಎ ಕಲಂನಲ್ಲಿ ಮಾತ್ರ ಹಳೆಯ ಅಕ್ಷರವೇ ಉಳಿದಿತ್ತು. ಏಳು ವರ್ಷ ಯಾರೂ ಗಮನಿಸಲಿಲ್ಲ. ತ್ರಿಪುರಾ ಹೈಕೋರ್ಟು ಹೇಳಿದ ಮೇಲೆ ಸರಿ ಮಾಡಿದರು. ಪ್ರೂಫ್ ನೋಡುವ ನನಗೆ ಇದರಲ್ಲಿ ಸ್ವಲ್ಪ ಖುಷಿಯಾಯಿತು ಅಂತ ಒಪ್ಪಿಕೊಳ್ಳುತ್ತೇನೆ, ನನ್ನ ಅಂಗಡಿಯಲ್ಲಿ ಅಂಥ ತಪ್ಪಾಗಿದ್ದರೆ ವಕೀಲರು ಪೇಪರ್ ಮುಖಕ್ಕೆ ಎಸೆಯುತ್ತಿದ್ದರು. ಅಕ್ಷರ ತಿದ್ದಿ ಕಾಯ್ದೆಯನ್ನು ಮಡಚಿಟ್ಟರು. ಅದೇ ಸಾಲಿನ ಪಕ್ಕದಲ್ಲೇ ಇದ್ದ 27ನೇ ಕಲಂ ಹಾಗೇ ಉಳಿಯಿತು. ಇದಕ್ಕೂ ಒಂದು ವರ್ಷ ಮೊದಲು, 2020ರ ಡಿಸೆಂಬರಿನಲ್ಲಿ, ಅತಿ ಅಪಾಯಕಾರಿ ಪದಾರ್ಥಗಳ ಪಟ್ಟಿಯಿಂದ ಗಾಂಜಾ ಗಿಡವನ್ನು ತೆಗೆಯಲು ವಿಯೆನ್ನಾದಲ್ಲಿ ವಿಶ್ವಸಂಸ್ಥೆಯ ಸಭೆ ಮತ ಹಾಕಿದಾಗ 27 ದೇಶ ಪರ, 25 ವಿರುದ್ಧ ಬಂತು. ಆ 27ರಲ್ಲಿ ಭಾರತವೂ ಒಂದು. ವಿಯೆನ್ನಾದಲ್ಲಿ ಕೈ ಎತ್ತಿದವರಿಗೆ ದೆಹಲಿಯಲ್ಲಿ ಬಾಯಿ ಬರುತ್ತಿಲ್ಲ.

ಒಬ್ಬ ಸಂಸದನಿಂದ ಏನಾಗುತ್ತದೆ ಅನ್ನಬೇಡಿ. 1893ರಲ್ಲಿ ಲಂಡನ್ನಿನ ಪಾರ್ಲಿಮೆಂಟಿನಲ್ಲಿ ಡಬ್ಲ್ಯೂ.ಎಸ್. ಕೇನ್ ಅನ್ನುವ ಸದಸ್ಯ ಭಾರತದ ಗಾಂಜಾ ಬಗ್ಗೆ ಒಂದು ಪ್ರಶ್ನೆ ಕೇಳಿದ. ಆತ ಪಾನವಿರೋಧಿ, ನಿಷೇಧ ಆಗಲಿ ಅಂತಲೇ ಕೇಳಿದ್ದು. ಆ ಪ್ರಶ್ನೆಯಿಂದ ಒಂದು ಆಯೋಗ ರಚನೆಯಾಯಿತು, ಸಾವಿರಕ್ಕೂ ಹೆಚ್ಚು ಸಾಕ್ಷಿಗಳನ್ನು ಕೇಳಿತು, ಮೂರು ಸಾವಿರ ಪುಟ ದಾಟಿದ ವರದಿ ಬರೆಯಿತು. ಮಿತವಾಗಿ ಬಳಸಿದರೆ ಹಾನಿ ಅಷ್ಟಾಗಿ ಇಲ್ಲ, ಅತಿಯಾದರೆ ಇದೆ, ನಿಷೇಧ ಬೇಡ, ಹಿಡಿತ ಇರಲಿ ಅಂದಿತು. ಬ್ರಿಟಿಷರಿಗೆ ತೆರಿಗೆಯ ಆಸೆಯೂ ಇತ್ತು, ಅದು ಬೇರೆ ಮಾತು. ಆದರೂ ಕೇಳಿ, ನೋಡಿ, ಆಮೇಲೆ ಹೇಳಿದರು.

ಹಾಗಾಗಿ ನಿಮಗೆ ಒಂದು ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಎದ್ದು ಉತ್ತರ ಹೇಳಬೇಕಾದದ್ದು) ಟೈಪ್ ಮಾಡಿಟ್ಟಿದ್ದೇನೆ. ಕಳೆದ ಐದು ವರ್ಷದಲ್ಲಿ ಎನ್‌ಡಿಪಿಎಸ್ ಕಾಯ್ದೆಯಡಿ ಬರೀ ಸೇದಿದ್ದಕ್ಕೆ ಮತ್ತು ಸಣ್ಣ ಪ್ರಮಾಣಕ್ಕೆ ಹಿಡಿದವರು ಎಷ್ಟು ಜನ, ಅವರಲ್ಲಿ 64ಎ ಕಲಂನಡಿ ಚಿಕಿತ್ಸೆಗೆ ಹೋದವರು ಎಷ್ಟು, ಗಿಡಗಳನ್ನು ವಶಪಡಿಸಿಕೊಂಡಾಗ ಹೂವಿನ ತುದಿ ಬೇರ್ಪಡಿಸಿ ತೂಗಬೇಕೆಂದು ರಾಜ್ಯಗಳಿಗೆ ಸೂಚನೆ ಹೋಗಿದೆಯೇ, ಹೋಗಿದ್ದರೆ ಯಾವಾಗ. ಲೋಕಸಭೆಗೆ 15 ದಿನ ಮೊದಲೇ ನೋಟಿಸ್ ಕೊಡಬೇಕಂತೆ. ಇಂಗ್ಲಿಷ್, ಕನ್ನಡ ಎರಡರಲ್ಲೂ ಪ್ರತಿ ಸಿದ್ಧವಾಗಿದೆ. ನಿಮ್ಮ ಪಿಎ ಬಂದು ತೆಗೆದುಕೊಂಡು ಹೋದರೆ ಸಾಕು, ಟೈಪಿಂಗ್ ಚಾರ್ಜ್ ಬೇಡ. ಭಾನುವಾರ ಅಂಗಡಿ ರಜೆ.

ಇತಿ,
ಕೋರ್ಟ್ ಎದುರಿನ ಝೆರಾಕ್ಸ್ ಅಂಗಡಿಯವನು