ಜೂನ್ 1ರಿಂದ ನಮ್ಮ ಅಂಗಡಿಯಲ್ಲಿ ಆಗುವ ಬದಲಾವಣೆ

ಆತ್ಮೀಯ ಗ್ರಾಹಕರೇ,

ಜೂನ್ 1ರಿಂದ ಕಂಪನಿ ಹೆಸರಿಲ್ಲದ ಅಗ್ಗದ ಸ್ಯಾಕ್ಸೋಫೋನ್‌ಗಳನ್ನು ನಾವು ಮಾರುವುದಿಲ್ಲ. ಆಲ್ಟೋ ಸ್ಯಾಕ್ಸೋಫೋನ್‌ಗೆ ಪೂರ್ತಿ ಪ್ಯಾಡ್ (ತೂತು ಮುಚ್ಚುವ ಚರ್ಮದ ಬಿಲ್ಲೆ) ಹಾಕುವ ದರ 4,500 ರೂಪಾಯಿ ಇದ್ದದ್ದು 6,000 ಆಗುತ್ತದೆ.

ದರದ ಮಾತು ಮೊದಲು. ಮಡಿಕೇರಿ ಮಳೆಗೆ ಚರ್ಮದ ಪ್ಯಾಡ್ ಏನಾಗುತ್ತದೆ ಅಂತ ನಿಮಗೇ ಗೊತ್ತು. ಆಲ್ಟೋದಲ್ಲಿ ಹೆಚ್ಚುಕಮ್ಮಿ 25 ಪ್ಯಾಡ್ ಇರುತ್ತವೆ. ಒಂದೊಂದನ್ನೂ ಬಿಸಿ ಮಾಡಿ ತೆಗೆದು, ಹೊಸದನ್ನು ಅರಗಿನಲ್ಲಿ ಕೂರಿಸಿ, ಕೊಳವೆಯೊಳಗೆ ಸಣ್ಣ ದೀಪ ಇಳಿಸಿ ಕತ್ತಲಲ್ಲಿ ನೋಡುತ್ತೇವೆ. ಕೂದಲೆಳೆಯಷ್ಟು ಬೆಳಕು ಇಣುಕಿದರೂ ಅಲ್ಲಿ ಗಾಳಿ ಸೋರುತ್ತದೆ. ಮತ್ತೆ ಬಿಸಿ ಮಾಡಿ, ಮತ್ತೆ ಕೂರಿಸಬೇಕು. ಎರಡು ದಿನ ಹಿಡಿಯುವ ಕೆಲಸ. ಪ್ಯಾಡ್ ಹೊರದೇಶದಿಂದ ಬರುತ್ತದೆ. ಅದರ ಬೆಲೆ, ಸಾಗಣೆ, ತೆರಿಗೆ ಯಾವುದೂ ನಮ್ಮ ಕೈಲಿಲ್ಲ. ಮೂರು ವರ್ಷದಿಂದ ಹಳೇ ದರದಲ್ಲೇ ಮಾಡಿಕೊಟ್ಟಿದ್ದೇವೆ. ಹೀಗಿದ್ದೂ ‘ಲೂಟಿ’ ಅನ್ನುವ ಮಾತು ಕಿವಿಗೆ ಬಿದ್ದಾಗ ನಿಜಕ್ಕೂ ನೋವಾಯಿತು.

ಇನ್ನು ಎಲ್ಲರೂ ಕೇಳುವ ಪ್ರಶ್ನೆ. “ಹಿತ್ತಾಳೆ ಅಂದ್ರೆ ಹಿತ್ತಾಳೆನೇ ಅಲ್ವಾ? ಸುಮ್ನೆ ಕಂಪನಿ ಹೆಸರಿಗೆ ಯಾಕೆ ದುಡ್ಡು ಕೊಡಬೇಕು?”

ಅಡಾಲ್ಫ್ ಸ್ಯಾಕ್ಸ್ ಈ ವಾದ್ಯಕ್ಕೆ ಪ್ಯಾರಿಸ್‌ನಲ್ಲಿ ಪೇಟೆಂಟ್ ಪಡೆದದ್ದು 1846ರಲ್ಲಿ. ಸೆಲ್ಮರ್ 1885ರಲ್ಲಿ ಅದೇ ಊರಲ್ಲಿ ಊದುವ ತುದಿಯ ರೀಡ್, ಮೌತ್‌ಪೀಸ್ ಮಾಡಿಕೊಂಡು ಶುರುವಾದ ಕಂಪನಿ. ಸ್ಯಾಕ್ಸೋಫೋನ್‌ಗೆ ಕೈ ಹಾಕಿದ್ದು 1920ರ ದಶಕದಲ್ಲಿ. 1936ರ ಬ್ಯಾಲೆನ್ಸ್ಡ್ ಆ್ಯಕ್ಷನ್ ಮಾದರಿಯಲ್ಲಿ ಅವರು ಬೆಲ್‌ನ (ವಾದ್ಯದ ಅಗಲ ಬಾಯಿಯ) ಕೀಗಳನ್ನು ಬಲಬದಿಗೆ ತಂದರು. ನಿಮ್ಮ ಕೈಲಿರುವ ವಾದ್ಯವೂ ಹೆಚ್ಚುಕಮ್ಮಿ ಅದೇ ದಾರಿಯದ್ದು. ಅವರದೇ 1954ರ ಮಾರ್ಕ್ 6 ಮಾದರಿಯನ್ನು ಜನ ಇವತ್ತಿಗೂ ಹುಡುಕಿಕೊಂಡು ಹೋಗುತ್ತಾರೆ.

ಜಪಾನಿನವರ ಕಥೆ ನಮಗೆ ಇನ್ನೂ ಹತ್ತಿರ. ತೊರಾಕುಸು ಯಮಹಾ 1887ರಲ್ಲಿ ಶಾಲೆಯೊಂದರ ಕೆಟ್ಟ ಆರ್ಗನ್ ರಿಪೇರಿ ಮಾಡಲು ಹೋದವರು. ಆ ಕಂಪನಿ ಸ್ಯಾಕ್ಸೋಫೋನ್ ತಂದದ್ದು 1967ರಲ್ಲಿ. ಸ್ಯಾಕ್ಸೋಫೋನ್ ಮಾಡುವ ಯಾನಗಿಸಾವಾ ಮನೆತನದವರೂ ಮೊದಲು ರಿಪೇರಿಯವರೇ. ನಮ್ಮಂತೆ ಬಿಚ್ಚಿ ಜೋಡಿಸಿ ಕಲಿತವರು.

ಆ ಹೆಸರಿಗೆ ಕೊಡುವ ದುಡ್ಡು ಅಳತೆಗೆ ಕೊಡುವ ದುಡ್ಡು. ಯಮಹಾದಲ್ಲಿ ಒಂದು ಸ್ಕ್ರೂ ಹೋದರೆ ಮಾಡೆಲ್ ನಂಬರ್ ಹೇಳಿ ತರಿಸುತ್ತೇವೆ, ಸರಿಯಾಗಿ ಕೂರುತ್ತದೆ. ಹೆಸರಿಲ್ಲದ ಎರಡು ವಾದ್ಯ ಪಕ್ಕಪಕ್ಕ ಬಿಚ್ಚಿಟ್ಟಿದ್ದೇವೆ. ಹೊರಗೆ ನೋಡಲು ಒಂದೇ ಥರ, ಒಳಗೆ ಪ್ಯಾಡಿನ ಅಳತೆ ಬೇರೆಬೇರೆ. ಕೀ ಲೋಹ ಮೆತ್ತಗೆ, ಇವತ್ತು ಸರಿ ಮಾಡಿದ್ದು ತಿಂಗಳೊಳಗೆ ಬಾಗುತ್ತದೆ.

ತಪ್ಪು ನಮ್ಮದೂ ಇದೆ. ಕಳೆದ ದಸರಾ ರಾತ್ರಿ ಮಂಟಪದ ಮುಂದೆ ಊದುತ್ತಿದ್ದ ಹುಡುಗನೊಬ್ಬನ ವಾದ್ಯದಲ್ಲಿ ಕೀ ಹಿಡಿಯುವ ಕಂಬದ ಬೆಸುಗೆ ಬಿಟ್ಟುಹೋಯಿತು. ಮುರಿದ ತುಂಡನ್ನು ಕರ್ಚೀಫಿನಲ್ಲಿ ಸುತ್ತಿಕೊಂಡು ಬೆಳಿಗ್ಗೆ ಅಂಗಡಿ ಬಾಗಿಲಲ್ಲಿ ನಿಂತಿದ್ದ. ಅದನ್ನು ಮಾರಿದ್ದು ನಾವೇ. ಅವನಲ್ಲಿ ಕ್ಷಮೆ ಕೇಳಿದ್ದೇವೆ, ನಿಮ್ಮಲ್ಲೂ ಕೇಳುತ್ತೇವೆ.

ನಮ್ಮಲ್ಲಿ ಅಂಥ ವಾದ್ಯ ಕೊಂಡವರನ್ನು ಕೈಬಿಡುವುದಿಲ್ಲ. ಈ ದಸರಾವರೆಗೂ ನಿಮಗೆ ಹಳೇ ದರವೇ. ಹೊಸದು ಬೇಕು, ಬಜೆಟ್ ಕಮ್ಮಿ ಅನ್ನುವವರು ತೈವಾನಿನ ಜುಪಿಟರ್ ನೋಡಿ. ಇಲ್ಲವೇ ನಾವೇ ಪ್ಯಾಡ್ ಹಾಕಿ ಸರಿ ಮಾಡಿದ ಹಳೇ ಯಮಹಾ ಊದಿ ನೋಡಿ. ಪೂರ್ತಿ ದುಡ್ಡು ಈಗಲೇ ಬೇಡ. ಕಾಫಿ ಕುಯ್ಲು ಮುಗಿದ ಮೇಲೆ ಕೊಡಿ, ನಮ್ಮ ನಡುವೆ ಅದೇನು ಹೊಸತಲ್ಲ.

ಪ್ಯಾಡ್ ಕೆಲಸ ಇದ್ದವರು ಮೇ ಮುಗಿಯುವ ಮುಂಚೆ ತನ್ನಿ. ಊದಿದ ಮೇಲೆ ಒಳಗೆ ಬಟ್ಟೆ ಎಳೆದು ಒರೆಸದೆ ಪೆಟ್ಟಿಗೆ ಮುಚ್ಚಬೇಡಿ.

ಇಂತಿ,
ಮಡಿಕೇರಿಯ ನಿಮ್ಮ ಅಂಗಡಿಯವರು