ಪಹಣಿ ಇಲ್ಲದವರ ಜಾಮೀನು

ಮಂಡ್ಯ

ಪ್ರೀತಿಯ ತಂಗಿಗೆ,

ನೀನು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಅಮೆರಿಕದ ಜೈಲುಗಳಲ್ಲಿ ಕಪ್ಪು ಜನರೇ ಯಾಕೆ ಜಾಸ್ತಿ ಅಂತ ಕೇಳಿದ್ದೀಯ. ಕೇಳಲೇಬೇಕಾದ ಪ್ರಶ್ನೆ. ಆದರೆ 'ಅನ್ಯಾಯ' ಅನ್ನುವ ಮಾತು ಪುಟಕ್ಕೆ ನಾಲ್ಕು ಸಲ ಬಂದರೂ ಆ ಅನ್ಯಾಯ ನನ್ನ ಕಣ್ಣಿಗೆ ಕಾಣಲಿಲ್ಲ.

ಕಾಣಿಸಬಹುದಾದ ಜಾಗ ನಿನ್ನ ಲೇಖನದಲ್ಲೇ ಇದೆ. ಒಂದೇ ಸಾಲಲ್ಲಿ ದಾಟಿಬಿಟ್ಟಿದ್ದೀಯ. 1986ರ ಅವರ ಕಾನೂನಿನಲ್ಲಿ 5 ಗ್ರಾಂ ಕ್ರ್ಯಾಕ್, ಅಂದರೆ ಸೇದುವ ಹರಳಿನ ರೂಪದ ಕೊಕೇನ್ ಅನ್ನುವ ಮಾದಕ ವಸ್ತು, ಮಾರಿ ಸಿಕ್ಕಿಬಿದ್ದರೆ ಕನಿಷ್ಠ 5 ವರ್ಷ ಜೈಲು. ಅದೇ ಕೊಕೇನ್ ಪುಡಿಯಾಗಿದ್ದರೆ ಅಷ್ಟೇ ಶಿಕ್ಷೆಗೆ 500 ಗ್ರಾಂ ಆಗಬೇಕು. 5 ಗ್ರಾಂ ಅಂದರೆ ಟೀಗೆ ಹಾಕುವ ಒಂದು ಚಮಚ ಸಕ್ಕರೆ. 500 ಗ್ರಾಂ ಅಂದರೆ ಅಂಗಡಿಯ ಅರ್ಧ ಕೆಜಿ ಪೊಟ್ಟಣ. ಕಾನೂನಿನಲ್ಲಿ ಬಣ್ಣದ ಮಾತೇ ಇರಲಿಲ್ಲ. ಆದರೂ ಕ್ರ್ಯಾಕ್ ಕೇಸುಗಳಲ್ಲಿ ಶಿಕ್ಷೆಯಾದವರು ಬಹುಪಾಲು ಕಪ್ಪು ಜನ. ಪುಡಿಗೂ ಕ್ರ್ಯಾಕಿಗೂ ನಡುವೆ 100ಕ್ಕೆ 1 ಇದ್ದ ಈ ಅಂತರವನ್ನು 2010ರಲ್ಲಿ 18ಕ್ಕೆ 1 ಮಾಡಿದರು. ಆಗಲೂ ಸಮ ಮಾಡಲಿಲ್ಲ. ಆ ಚಮಚದ ಹತ್ತಿರ ಇನ್ನೊಂದು ಸ್ವಲ್ಪ ಹೊತ್ತು ನಿಲ್ಲು.

ಅಲ್ಲಿನ ಬಣ್ಣ, ಇಲ್ಲಿನ ಜಾತಿ ಎರಡೂ ಒಂದೇ ಅಂತ ಬರೆದಿದ್ದೀಯಲ್ಲ, ಅದನ್ನು ಹೊಡೆದುಹಾಕು. ಎರಡರ ಚರಿತ್ರೆ ಬೇರೆ ಬೇರೆ. ಅಲ್ಲಿಯದನ್ನು ಓದಿದ ಕಣ್ಣಿಂದ ನಮ್ಮೂರನ್ನು ನೋಡು, ಸಾಕು.

ನಾನು ವರದಿಗಾರನಾಗಿದ್ದಾಗ ನಮ್ಮ ಜಿಲ್ಲೆಯ ಒಂದು ಕೋರ್ಟಿನ ವರಾಂಡದಲ್ಲಿ ಒಬ್ಬ ತಾಯಿ ಕೂತಿದ್ದರು. ಕಬ್ಬು ಕಡಿದೂ ಕಡಿದೂ ಬೆರಳುಗಳೆಲ್ಲ ಸೀಳು ಬಿಟ್ಟಿದ್ದವು. ಮಡಿಲಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ರೇಷನ್ ಕಾರ್ಡು. ಮಗನಿಗೆ ಬೇಲ್ ಆಗಿತ್ತು. ಆದರೆ ಅವನು ಹೊರಗೆ ಬರಬೇಕಾದರೆ ಶ್ಯೂರಿಟಿ ಕೊಡುವವರು ತಮ್ಮ ಜಮೀನಿನ ದಾಖಲೆ, ಅಂದರೆ ಪಹಣಿ, ತರಬೇಕಿತ್ತು. ಅವರ ಕೇರಿಯಲ್ಲಿ ಯಾರ ಹೆಸರಲ್ಲೂ ಒಂದು ಗುಂಟೆ ಜಮೀನಿರಲಿಲ್ಲ. ಪಹಣಿ ಇದ್ದದ್ದು ಇವರು ಕೂಲಿಗೆ ಹೋಗುತ್ತಿದ್ದ ಗದ್ದೆಯವರ ಹತ್ತಿರ. ನಾನು 'ಆರೋಪಿಗೆ ಜಾಮೀನು' ಅಂತ ನಾಲ್ಕು ಸಾಲು ಬರೆದು ಬಸ್ಸು ಹತ್ತಿದೆ. ಹುಡುಗ ಇನ್ನೂ ನಾಲ್ಕು ತಿಂಗಳು ಒಳಗೇ ಇದ್ದನಂತೆ. ಅವತ್ತು ಅಲ್ಲಿ ಯಾರೂ ಅವನ ಜಾತಿ ಕೇಳಿರಲಿಲ್ಲ, ಬರೀ ಪಹಣಿ ಕೇಳಿದ್ದರು. ನಾನು ಬರೆದ ಆ ನಾಲ್ಕು ಸಾಲು ಇವತ್ತಿಗೂ ಚುಚ್ಚುತ್ತವೆ.

ಜಾತಿಯನ್ನು ನೇರವಾಗಿಯೇ ಕೇಳುವ ಜಾಗವೂ ಇತ್ತು. ಹಲವು ರಾಜ್ಯಗಳ ಜೈಲು ನಿಯಮಗಳಲ್ಲಿ ಅಡುಗೆ ಯಾರು ಮಾಡಬೇಕು, ಕಕ್ಕಸು ಯಾರು ತೊಳೆಯಬೇಕು ಅನ್ನುವುದನ್ನು ಜಾತಿ ನೋಡಿ ಹಂಚಲಾಗಿತ್ತು. ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿದ್ದು 2024ರ ಅಕ್ಟೋಬರ್ 3ರಂದು, ಸಂವಿಧಾನ ಜಾರಿಗೆ ಬಂದು 74 ವರ್ಷ ಆದಮೇಲೆ. ಕೈದಿಗಳ ರಿಜಿಸ್ಟರಿನಿಂದ ಜಾತಿ ಕಾಲಂ ತೆಗೆಯಿರಿ ಅಂತಲೂ ಹೇಳಿತು. ಆ ತೀರ್ಪನ್ನು ಪೂರ್ತಿ ಓದು.

ಆಮೇಲೆ ಸೋಮವಾರ ಕೋರ್ಟಿಗೆ ಹೋಗು. ಬೇಲ್ ಆಗಿಯೂ ಮಗನನ್ನು ಕರೆದುಕೊಂಡು ಹೋಗಲಾಗದೆ ಕೂತ ಅಪ್ಪ ಅಮ್ಮಂದಿರು ಸಿಗುತ್ತಾರೆ. ಊಟ ಆಯ್ತಾ ಅಂತ ಕೇಳಿ ಪಕ್ಕದಲ್ಲಿ ಕೂತ್ಕೋ. ನೋಟ್‌ಬುಕ್ಕು ಆಮೇಲೆ ತೆಗಿ. ಹೆಸರು ಬೇಡ. ಯಾವ ತಾರೀಖು ಬೇಲ್ ಆಯ್ತು, ಯಾವ ತಾರೀಖು ಹೊರಗೆ ಬಂದ, ಇವೆರಡನ್ನು ಬರೆದುಕೋ. ನಡುವೆ ಎಷ್ಟು ದಿನ ಅಂತ ಎಣಿಸಿ ನನಗೆ ಕಳಿಸು.

ನಿನ್ನ ಅಣ್ಣ